ಸಾಹುಕಾರರ ಹಂದರದಲ್ಲಿ ನನ್ನ ಮದುವೆ

ನಮ್ಮ ಅಪ್ಪ ಆದವಾನಿಯ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಬೇಲುಗಳ ಮೇಲೆ ನಂಬರು ಬರೆಸುವುದು ಅವರ ಸಂಬಳದ ಕೆಲಸ. ಸಂಬಳವಿಲ್ಲದ ಇನ್ನೊಂದು ಕೆಲಸವನ್ನೂ ಅವರು ಅಷ್ಟೇ ನಿಷ್ಠೆಯಿಂದ ಮಾಡುತ್ತಿದ್ದರು: ಊರಲ್ಲಿ ಯಾರ ಮದುವೆಯಾದರೂ ಹೋಗಿ, ಉಂಡು, ಮನೆಗೆ ಬಂದು ಅಂಗಿ ಬಿಚ್ಚುತ್ತ ತೀರ್ಪು ಹೇಳುವುದು.

"ಊಟ ಅಡ್ಡಿ ಇಲ್ಲ. ಮಂಟಪ ಮಾತ್ರ ಎಡಕ್ಕ ವಾಲಿತ್ತು. ಬಾಳೀಕಂಬ ಅಂತೂ ಜ್ವರದಾಗ ಎದ್ದು ಬಂದವರಂಗ ನಿಂತಿದ್ವು. ರೊಕ್ಕ ಖರ್ಚು ಮಾಡ್ಯಾರ, ಕಣ್ಣು ಖರ್ಚು ಮಾಡಿಲ್ಲ."

ಈ ತೀರ್ಪುಗಳು ನಮ್ಮ ಮನೆಯೊಳಗೇ ಉಳಿದಿದ್ದರೆ ತೊಂದರೆಯಿರಲಿಲ್ಲ. ಅಪ್ಪ ಅವನ್ನು ಮಿಲ್ಲಿನಲ್ಲಿ, ಮಠದ ಪಂಕ್ತಿಯಲ್ಲಿ, ಸ್ಟೇಷನ್ನಿನ ಬೆಂಚಿನ ಮೇಲೆ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಹೀಗಾಗಿ ನನಗೆ ಹದಿನೆಂಟು ತುಂಬುವ ಹೊತ್ತಿಗೆ ನಮ್ಮ ಪೈಕಿಯ ಅರ್ಧ ಊರು ನನ್ನ ಮದುವೆಗಾಗಿ ನನಗಿಂತ ಹೆಚ್ಚು ಆತುರದಿಂದ ಕಾಯುತ್ತಿತ್ತು. ಈ ಮಹಾನುಭಾವ ತಾನು ಹೇಗೆ ಮಾಡುತ್ತಾನೋ ನೋಡೋಣ ಎಂದು.

ಗಂಡು ಗೊತ್ತಾದದ್ದು ಕೋಸಗಿಯಲ್ಲಿ. ಹುಡುಗ ಅಲ್ಲಿಯ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೇಟು ಕೊಡುವ ಗುಮಾಸ್ತ. ಅವನ ತಂದೆ ಗೋನೆಗಂಡ್ಲದ ಕಡೆ ಕರಣಿಕೆ ಮಾಡಿ ಬಿಟ್ಟು, ಮಗನ ಜೊತೆ ಕೋಸಗಿಗೆ ಬಂದು ನೆಲೆಸಿದ್ದರು. ನನ್ನನ್ನು ನೋಡಲು ಬಂದ ದಿನ ಆ ಹಿರಿಯರು ಎರಡು ತಟ್ಟೆ ಅವಲಕ್ಕಿ ಮುಗಿಸಿ, ಕೈ ತೊಳೆದು, ಬಹಳ ಉದಾರವಾಗಿ ಹೇಳಿದರು: "ನಮಗೇನೂ ಬ್ಯಾಡ್ರಿ. ದೇವರು ಕೊಟ್ಟದ್ದು ಅದ. ಮದುವಿ ಒಂದು ಚಂದಾಗಿ ಮಾಡಿಕೊಡ್ರಿ, ಅಷ್ಟ ಸಾಕು."

ಅಪ್ಪನ ಕಣ್ಣಲ್ಲಿ ನೀರು ಬಂತು. ಅಮ್ಮನ ಕಣ್ಣಲ್ಲಿಯೂ ಬಂತು, ಆದರೆ ಅವಳದು ಆ 'ಅಷ್ಟ' ಎಂಬ ಮಾತಿಗೆ.

ನಮ್ಮ ಮನೆಯಲ್ಲಿ ಇನ್ನೊಬ್ಬಳಿದ್ದಳು, ಅಪ್ಪನ ಹಿರಿಯ ಅಕ್ಕ. ಅಪ್ಪ ಕರೆಯುತ್ತಿದ್ದಂತೆ ಅಮ್ಮನೂ, ನಾನೂ, ಹಾಲು ಹಾಕುವವಳೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಹದಿನಾರನೇ ವಯಸ್ಸಿಗೆ ಗಂಡ ತೀರಿಕೊಂಡು ತವರಿಗೆ ಬಂದವಳು. ತಲೆ ಬೋಳಿಸಿ, ಕೆಂಪು ಸೀರೆಯ ಸೆರಗು ಹೊದ್ದು, ಮಡಿಯಲ್ಲಿ ಅಡುಗೆ ಮಾಡಿಕೊಂಡೇ ಅವಳಿಗೆ ಐವತ್ತು ದಾಟಿತ್ತು. ಮನೆಯಿಂದ ಯಾರಾದರೂ ಪರ ಊರಿಗೆ ಹೊರಟರೆ, ಪರೀಕ್ಷೆಗೆ ಹೊರಟರೆ, ಕಡೆಗೆ ಹಲ್ಲು ಕೀಳಿಸಲು ಹೊರಟರೂ ಅವಳು ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದಳು. ಹೋಗುವವರಿಗೆ ಮೊದಲು ಅವಳ ಮುಖ ಕಂಡರೆ ಅಪಶಕುನ. ಅದನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಹೆಜ್ಜೆಯ ಸಪ್ಪಳ ಕೇಳಿಯೇ ಅವಳು ಮರೆಯಾಗುತ್ತಿದ್ದಳು. ಮರೆಯಲ್ಲಿ ನಿಂತೇ ಇಡೀ ಮನೆಯನ್ನು ನಡೆಸುತ್ತಿದ್ದಳು.

ಮದುವೆ ಗೊತ್ತಾದ ಸುದ್ದಿ ಹಬ್ಬಿದ್ದೇ ತಡ, ಉಪದೇಶ ಕೊಡುವವರು ಬಂದರು. ಎಲ್ಲರ ಬಾಯಲ್ಲೂ ಒಂದೇ ಮಂತ್ರ, ಸರಳ. ಬಳ್ಳಾರಿಯಿಂದ ಬಂದ ಕಕ್ಕ ನಮ್ಮ ಏಕೈಕ ಕುರ್ಚಿಯ ಮೇಲೆ ಕೂತು ಹೇಳಿದರು: "ಸರಳ ಮಾಡು. ಕಾಲ ಬದಲಾಗ್ಯದ. ಆದ್ರ ಬ್ಯಾಂಡ್ ಇರ್ಲಿಲ್ಲ ಅಂದ್ರ ಅದು ಮದುವಿ ಅಲ್ಲ, ತಿಥಿ." ಅಮ್ಮನ ತಂಗಿ, ಎರಡು ಸಿಹಿ ಮಾಡಿದರೆ ಧಾರಾಳವಾಯಿತು, ಮೂರನೆಯದು ನಿಮ್ಮ ಇಷ್ಟ ಎಂದು ಹೇಳಿ, ಆ ಮೂರನೆಯದು ಯಾವುದಿರಬೇಕೆಂಬುದನ್ನೂ ತಾನೇ ಹೇಳಿ ಹೋದಳು. ಖಾದಿ ತೊಡುವ ಹಿರಿಯರೊಬ್ಬರು ಬಂದು, ಹೂವಿನ ಹಾರವೇ ಬೇಡ, ನೂಲಿನ ಲಡಿ ಹಾಕಿದರೆ ದೇಶಕ್ಕೂ ಒಳ್ಳೆಯದು ಎಂದು ಅರ್ಧ ತಾಸು ಮಾತಾಡಿದರು. ಏಳುವಾಗ ದನಿ ತಗ್ಗಿಸಿ, "ನಮ್ಮನಿಯವರಿಗೆ ಮೊಣಕಾಲು ನೋವು. ಜಟಕಾ ಕಳಸ್ತೀರಲ್ಲಾ?" ಎಂದರು.

ಅಪ್ಪ ಇದನ್ನೆಲ್ಲ ಮಿಲ್ಲಿನ ಹಳೆಯ ಚೀಟಿಗಳ ಬೆನ್ನಿಗೆ ಬರೆದುಕೊಂಡರು. ಸರಳ ಮದುವೆ ಎಂಟು ಚೀಟಿಗಳಾದವು. ಒಂದು ಸಂಜೆ ಅಮ್ಮ ಒಲೆಯ ಮುಂದೆ ಕೂತು ಅವನ್ನು ಅಕ್ಕನಿಗೆ ಓದಿ ಹೇಳಿದಳು. ಅಕ್ಕ ಕೊನೆಯವರೆಗೂ ಕೇಳಿ, ಕೈ ಚಾಚಿ, ಎಂಟನ್ನೂ ಇಸಿದುಕೊಂಡು ಒಲೆಗೆ ಹಾಕಿದಳು. ಬೇಳೆ ಬೇಯಲು ಅವು ಸ್ವಲ್ಪ ಸಹಾಯ ಮಾಡಿದವು.

"ತಮ್ಮಾ," ಎಂದಳು ಅಕ್ಕ, ಅಪ್ಪ ಊಟಕ್ಕೆ ಕೂತಾಗ, "ನಿನಗ ಮದುವಿ ಚಂದ ಆಗಬೇಕೋ, ನಿನ್ನ ರೊಕ್ಕದ್ದ ಆಗಬೇಕೋ?"

ಅಪ್ಪನಿಗೆ ಅರ್ಥವಾಗಲಿಲ್ಲ.

"ಮುಂದಿನ ತಿಂಗಳು ನಿಮ್ಮ ಸಾಹುಕಾರ್ರ ಮಗಳ ಮದುವಿ ಅಲ್ಲೇನು? ಮಿಲ್ಲಿನ ಅಂಗಳದಾಗ ಹಂದರ ಹಾಕ್ತಾರ. ಮದುವಿ ಮುಗದ ಮ್ಯಾಲೆ ಆ ಹಂದರ ಏನಾಗ್ತದ?"

"ಏನಾಗ್ತದ? ಬಿಚ್ಚತಾರ."

"ಎರಡು ದಿನ ತಡದು ಬಿಚ್ಚಲಿ."

ಅಪ್ಪ ಆ ದಿನ ಮಜ್ಜಿಗೆ ಅನ್ನ ಉಣ್ಣದೆ ಎದ್ದರು. ಇನ್ನೊಬ್ಬರ ಹಂದರದಲ್ಲಿ ಮಗಳ ಮದುವೆ ಮಾಡುವಷ್ಟು ತಾನು ಕೆಟ್ಟಿಲ್ಲ ಎಂದರು. ಮರುದಿನ ಮಿಲ್ಲಿಗೆ ಹೋಗಿ, ಹಂದರದ ಗುತ್ತಿಗೆಯವನು ತಂದಿಳಿಸಿದ್ದ ಬಣ್ಣದ ಬಟ್ಟೆ, ನಿಲುವುಗನ್ನಡಿ, ಮಖಮಲ್ಲಿನ ಸೋಫಾ ನೋಡಿ ಬಂದರು. ಮೂರನೇ ದಿನ ಸಾಹುಕಾರರ ಮುಂದೆ ಕೈಕಟ್ಟಿ ನಿಂತರು. ಸಾಹುಕಾರರು ಆಗ ಮಗಳ ಮದುವೆಯ ಖುಷಿಯಲ್ಲಿದ್ದರು. "ಉಂಡನೀವಯ್ಯಾ! ರೆಂಡು ರೋಜುಲಕು ಏಮೊಚ್ಚಿಂದಿ? ನಿನ ಮಗಳು ಬ್ಯಾರೆ, ನನ ಮಗಳು ಬ್ಯಾರೇನಾ?" ಎಂದರಂತೆ. ಇರಲಿ ಬಿಡು, ಎರಡು ದಿನಕ್ಕೆ ಏನು ಬಂತು ಎಂದು. ನಾವಿಬ್ಬರೂ ಬೇರೆ ಬೇರೆ ಎಂಬುದು ಅವರ ಮಗಳಿಗೂ ನನಗೂ ಚೆನ್ನಾಗಿ ಗೊತ್ತಿತ್ತು. ಆದರೆ ಹಂದರ ಸಿಕ್ಕಿತು.

ಸಾಹುಕಾರರ ಮನೆಯ ಮದುವೆ ಶುಕ್ರವಾರ. ಸೋಮವಾರ ಬೆಳಿಗ್ಗೆ ಹಂದರ ಬಿಚ್ಚುವವರು ಬರುತ್ತಾರೆ. ಶನಿವಾರ ಗುಡಿಸಿ ಸಾರಿಸುವುದಕ್ಕೇ ಬೇಕು, ಉಳಿದದ್ದು ರವಿವಾರ ಒಂದೇ. ನಮ್ಮ ಪುರೋಹಿತರು ಪಂಚಾಂಗ ತೆಗೆದು, ಬೆರಳು ಮಡಚಿ, ರವಿವಾರ ಮುಹೂರ್ತವೇ ಇಲ್ಲ ಎಂದುಬಿಟ್ಟರು. ಅಡುಗೆಮನೆಯ ಕದದ ಹಿಂದಿನಿಂದ ಅಕ್ಕನ ದನಿ ಬಂತು.

"ಸಾಹುಕಾರ್ರ ಮಗಳಿಗೆ ಶುಕ್ರವಾರ ಎರಡೆರಡು ಮುಹೂರ್ತ ತೆಗದು ಕೊಟ್ಟಾರಂತ. ನಮ್ಮ ಹುಡುಗಿಗೆ ರವಿವಾರ ಒಂದು ಸಿಗವಲ್ದೇನ್ರಿ ಆಚಾರ್ರ? ಚಲೋ ನೋಡ್ರಿ. ಪಂಚಾಂಗದಾಗ ಅದ ಅದು. ಹಾಳಿ ಅಂಟಿಕೊಂಡಿರಬೇಕು."

ಆಚಾರ್ಯರು ಹಾಳೆ ಬಿಡಿಸಿ ನೋಡಿದರು. ಹಾಗೆ ನೋಡಿದಾಗ ಬೆಳಿಗ್ಗೆ ಹತ್ತೂ ಕಾಲಿನ ಸುಮಾರಿಗೆ ಒಂದು ಒಳ್ಳೆಯ ಮುಹೂರ್ತ ನಿಜಕ್ಕೂ ಇತ್ತು.

ಲಗ್ನಪತ್ರಿಕೆಯ ವಿಷಯದಲ್ಲಿ ಅಪ್ಪ ಯಾರ ಮಾತನ್ನೂ ಕೇಳಲಿಲ್ಲ. ಬಳ್ಳಾರಿ ಜಿಲ್ಲೆಯಿಂದ ನಮ್ಮ ತಾಲೂಕನ್ನು ಬಿಡಿಸಿ ಕರ್ನೂಲಿಗೆ ಹಚ್ಚಿ ಒಂದೆರಡು ವರ್ಷವಾಗಿತ್ತು. ಬೋರ್ಡುಗಳೆಲ್ಲ ತೆಲುಗಾಗುತ್ತಿದ್ದವು. ಮಗಳ ಪತ್ರಿಕೆ ಮಾತ್ರ ಅಚ್ಚ ಕನ್ನಡದಲ್ಲೇ ಇರಬೇಕೆಂದು ಅಪ್ಪ ಹಟ ಹಿಡಿದರು. ಆದವಾನಿಯ ಅಚ್ಚುಕೂಟದವನ ಹತ್ತಿರ ಕನ್ನಡದ ಅಚ್ಚುಮೊಳೆ ಅರ್ಧ ಮಾತ್ರ ಉಳಿದಿದ್ದವು. ಮೊಳೆ ಸಾಲದೆ ಬಂದ ಕಡೆ ಅವನು ತೆಲುಗಿನ ಮೊಳೆ ಜೋಡಿಸಿಬಿಟ್ಟ. "ತೇಡಾ ಏಮೀ ಲೇದು ಸಾಮೀ, ರೆಂಡೂ ಅಕ್ಕಚೆಲ್ಲೆಳ್ಳೇ," ವ್ಯತ್ಯಾಸವೇನಿಲ್ಲ, ಎರಡೂ ಅಕ್ಕತಂಗಿಯರೇ ಎಂದು ಸಮಾಧಾನ ಹೇಳಿದ. ಹೀಗೆ ನನ್ನ ಹೆಸರು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯಿತು. ಕನ್ನಡದವರು ಇದು ತೆಲುಗು ಪತ್ರಿಕೆ ಎಂದರು, ತೆಲುಗಿನವರು ಕನ್ನಡದ್ದು ಎಂದರು. ಊಟಕ್ಕೆ ಮಾತ್ರ ಇಬ್ಬರೂ ತಪ್ಪದೆ ಬಂದರು.

ನನಗಾಗಿ ಕೊಂಡದ್ದು ಎಂದರೆ ಸೀರೆ. ಎಮ್ಮಿಗನೂರಿನ ನೇಕಾರರ ಮನೆಗೆ ಅಮ್ಮನೇ ಬಸ್ಸಿನಲ್ಲಿ ಹೋಗಿ, ಮಗ್ಗದ ಮುಂದೆ ಕೂತು, ಅರಿಶಿನ ಬಣ್ಣದ ಒಡಲಿಗೆ ಕೆಂಪು ಅಂಚು ಹಾಕಿಸಿ ತಂದಿದ್ದಳು. ಅದನ್ನು ಮೈಮೇಲೆ ಹಾಕಿಕೊಂಡು ನೋಡಿದ ದಿನ ನನಗೆ ಮದುವೆಯಾಗುವ ಆಸೆ ಮೊದಲ ಸಲ ಹುಟ್ಟಿತು.

ಶನಿವಾರ ಬೆಳಿಗ್ಗೆ ನಾವು ಮಿಲ್ಲಿಗೆ ಹೋದಾಗ ಅಲ್ಲಿ ನಮ್ಮ ಚಂದದ ಮದುವೆ ಎಂಜಲೆಲೆಗಳ ಕೆಳಗೆ ಮಲಗಿತ್ತು. ನಾಯಿಗಳು ಸೋಫಾದ ಸುತ್ತ ಸೇರಿದ್ದವು. ಅಮ್ಮ, ನಾನು, ಅಮ್ಮನ ತಂಗಿ ಸೀರೆ ಎತ್ತಿ ಕಟ್ಟಿ ಗುಡಿಸಿದೆವು. ನಾಳೆಯ ಮದುಮಗಳು ಕಸಬರಿಗೆ ಹಿಡಿಯಬಾರದೆಂದು ಯಾರಿಗೂ ನೆನಪಾಗಲಿಲ್ಲ. ಅಕ್ಕ ಕನಕಾಂಬರದ ಮಾಲೆಗಳನ್ನೆಲ್ಲ ಇಳಿಸಿ, ನೀರು ಚಿಮುಕಿಸಿ, ಬಾಡಿದ ಮಗ್ಗುಲನ್ನು ಹಿಂದಕ್ಕೂ ತಾಜಾ ಇದ್ದದ್ದನ್ನು ಮುಂದಕ್ಕೂ ತಿರುಗಿಸಿ ಮತ್ತೆ ಕಟ್ಟಿಸಿದಳು. ದೂರದಿಂದ ನೋಡಿದರೆ ಈಗಷ್ಟೇ ಕೊಯ್ದು ತಂದಂತಿತ್ತು. ಹತ್ತಿರ ಬರುವವರಿಗೆ ಅವಸರದಿಂದ ಪಾನಕ ಕೊಟ್ಟು ಕಳಿಸಬೇಕೆಂದು ಅಪ್ಪನಿಗೆ ಹೇಳಿದಳು.

ಒಂದೇ ತೊಡಕು ಉಳಿಯಿತು. ಮಂಟಪದ ನೆತ್ತಿಯ ಮೇಲೆ, ಕೆಂಪು ಹಲಗೆಗೆ ಅರಳೆಯನ್ನೇ ಅಂಟಿಸಿ, ಮೊಳದುದ್ದದ ತೆಲುಗು ಅಕ್ಷರಗಳಲ್ಲಿ ಸಾಹುಕಾರರ ಮಗಳ ಹೆಸರು, ಅಳಿಯನ ಹೆಸರು ಬರೆದಿದ್ದರು. ಅಪ್ಪ ಅದನ್ನು ಇಳಿಸು ಎಂದರು. ಹಂದರದವನು ಮೇಲೆ ನೋಡಿ ತಲೆಯಾಡಿಸಿದ.

"ಅದನ್ನ ಜಗ್ಗಿದ್ರ ಇಡೀ ಹಂದರ ಕೆಳಗ ಬರ್ತೈತ್ರಿ ಸಾಮಿ. ಆ ಹೆಸರಿನ ಮ್ಯಾಲೇ ನಿಂತೈತಿ ಇದು."

ಕೊನೆಗೆ ಮಾವಿನೆಲೆಯ ದಪ್ಪ ತೋರಣ ಕಟ್ಟಿ ಹೆಸರುಗಳನ್ನು ಮುಚ್ಚಿದೆವು.

ಸಂಜೆ ಪ್ಯಾಸೆಂಜರಿನಲ್ಲಿ ಬೀಗರು ಇಳಿದರು. ಅವರಿಗೆ ಹತ್ತಿಯ ಗೋದಾಮಿನಲ್ಲಿ ಬಿಡಾರ. ತಂಪಾದ ಜಾಗವೇನೋ ಹೌದು, ಆದರೆ ಗೋಡೆ ಸಂದುಗಳಲ್ಲಿದ್ದ ಅರಳೆಯ ಎಳೆಗಳು ಅವರು ಜಮಖಾನೆ ಹಾಸಿದ ಕೂಡಲೇ ಎದ್ದು ಬಂದು ಎಲ್ಲರ ಮೇಲೂ ಕೂತವು. ವರಪೂಜೆಗೆ ಹೊರಬರುವಷ್ಟರಲ್ಲಿ ಬೀಗರ ಕಡೆಯ ಮಕ್ಕಳಿಗೂ ತಲೆ ನರೆತು, ಮೀಸೆ ಬೆಳ್ಳಗಾಗಿತ್ತು. ವರ ಮಾತ್ರ ಕಪ್ಪು ಉಣ್ಣೆಯ ಕೋಟು ತೊಟ್ಟಿದ್ದ. ವೈಶಾಖದ ಆದವಾನಿಯಲ್ಲಿ, ಕಲ್ಲು ಬಂಡೆಗಳೇ ಬೆವರುವ ಸೆಕೆಯಲ್ಲಿ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಉಣ್ಣೆ ಕೋಟು. ನಾನು ಕಿಟಕಿಯಿಂದ ಕಂಡದ್ದು ಕೋಟನ್ನು. ಒಳಗಿದ್ದವನು ಕರಗಿ ಹೋಗುತ್ತಿದ್ದ.

ಹಂದರ ಕಂಡು ಬೀಗರು ಬಾಗಿಲಲ್ಲೇ ನಿಂತುಬಿಟ್ಟರು. ವರನ ಸೋದರಮಾವ ಎಂಬವರು ಮಖಮಲ್ಲನ್ನು ಮುಟ್ಟಿ ನೋಡಿದರು, ಕನ್ನಡಿಯಲ್ಲಿ ಮೀಸೆ ನೋಡಿಕೊಂಡರು, ಮೇಲಿನ ಬಣ್ಣದ ಬಟ್ಟೆಯನ್ನು ಕಣ್ಣಲ್ಲೇ ಗಜ ಹಾಕಿ ಅಳೆದರು. ಆ ಹೊತ್ತಿಗೆ ಸರಿಯಾಗಿ ಜರಿಯ ರುಮಾಲಿನ ಮುದುಕರೊಬ್ಬರು ಬಂದು ಅವರ ಪಕ್ಕದಲ್ಲಿ ಕೂತರು. ಸಾಹುಕಾರರ ಬಳಗದವರು, ಶುಕ್ರವಾರದ ಮದುವೆಗೆ ಬಂದು ಇನ್ನೂ ಊರಿಗೆ ಹೊರಟಿರಲಿಲ್ಲ. ಕಿವಿ ಮಂದ. ಅದೇ ಹಂದರ, ಅದೇ ಸೋಫಾ, ಮತ್ತೆ ಪಾನಕ ಬರುತ್ತಿದೆ ಎಂದ ಮೇಲೆ ಮದುವೆ ಇನ್ನೂ ಮುಗಿದಿಲ್ಲವೆಂದೇ ಅವರು ತಿಳಿದಿರಬೇಕು. ಸೋದರಮಾವನ ತೊಡೆ ತಟ್ಟಿ, "ಮಾ ಪಿಲ್ಲ ಬಂಗಾರಂ ಅನುಕೋಂಡಿ," ನಮ್ಮ ಹುಡುಗಿ ಬಂಗಾರ ಎಂದರು. ಆ ಮೇಲೆ ತಮ್ಮ ಬಳಗಕ್ಕೆ ಹತ್ತಿ ಬಿಡಿಸುವ ಜಿನ್ನುಗಳು ಎಷ್ಟಿವೆ, ಎಷ್ಟು ಗೋದಾಮುಗಳಿವೆ ಎಂದು ವಿವರವಾಗಿ ಹೇಳಿದರು.

ಅಪ್ಪ ಅಲ್ಲೇ ನಿಂತಿದ್ದರು. ಇವರು ನಮ್ಮವರಲ್ಲ, ಹಂದರವೂ ನಮ್ಮದಲ್ಲ ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲೇ ಯಾರೋ, "ಭಾಳ ಚಂದ ಮಾಡೀರಿ ನೋಡ್ರಿ," ಎಂದಿದ್ದರು. ಅಪ್ಪ ಶಲ್ಯ ಸರಿಮಾಡಿಕೊಂಡು ಇನ್ನೊಂದು ಸುತ್ತು ಪಾನಕ ತರಿಸಿದರು.

ರವಿವಾರ ಬೆಳಿಗ್ಗೆ ನನ್ನನ್ನು ತೂಕದ ಕೋಣೆಯಲ್ಲಿ ಗೌರಿಪೂಜೆಗೆ ಕೂರಿಸಿದರು. ದೊಡ್ಡ ತಕ್ಕಡಿಯ ಪಕ್ಕದಲ್ಲಿ ನನ್ನ ಮಣೆ. ಅಲ್ಲಿಯ ಕಿಟಕಿಯಿಂದ ಮಿಲ್ಲಿನ ಗೇಟು ಕಾಣುತ್ತಿತ್ತು. ಹೊರಗೆ ವರನ ಕಾಶೀಯಾತ್ರೆ ನಡೆದಿತ್ತು. ಕೊಡೆ, ಕೋಲು, ಪಂಚೆ, ಶಲ್ಯದಲ್ಲಿ ಗಂಡು ಕಾಶಿಗೆ ಹೊರಟಂತೆ ಮಾಡುವುದು, ಹೆಣ್ಣಿನ ತಂದೆ ಹೋಗಿ, 'ಬಾರಪ್ಪಾ, ಮಗಳನ್ನು ಕೊಡುತ್ತೇನೆ' ಎಂದು ಕರೆದು ತರುವುದು. ಐದು ನಿಮಿಷದ ಶಾಸ್ತ್ರ. ಅಪ್ಪ ಕಾಯಿ, ಬೆಲ್ಲ ಹಿಡಿದು ಕರೆಯಲು ಹೋದರು. ಸೋದರಮಾವ ವರನ ರಟ್ಟೆ ಹಿಡಿದುಕೊಂಡರು.

"ಹುಡುಗ ಕಾಶಿಗೆ ಹೊಂಟಾನ್ರಿ ಬೀಗರ. ತಿರುಗಿ ಬರಬೇಕಂದ್ರ ಒಂದಿಷ್ಟು ಮಾತಾಡೂದದ."

ಅಪ್ಪ ನಕ್ಕರು. ಶಾಸ್ತ್ರದ ತಮಾಷೆ ಎಂದುಕೊಂಡಿದ್ದರು.

"ನೀವು ಬಡವರಂತ ನಾವು ಏನೂ ಬ್ಯಾಡ ಅಂದ್ವಿ. ಇಲ್ಲಿ ಬಂದು ನೋಡಿದ್ರ ಈ ವೈಭವ! ಮುಚ್ಚಿಟ್ಟು ಮಾತಾಡಿದ್ರಿ ಅಂದಂಗಾತು. ಇರ್ಲಿ. ಒಂದು ಸೈಕಲ್, ಒಂದು ಕೈಗಡಿಯಾರ, ಒಂದು ರೇಡಿಯೋ. ನಿಮಗಿದು ಲೆಕ್ಕಕ್ಕಿಲ್ಲ."

ವರನ ತಂದೆ ಆಕಾಶ ನೋಡಿದರು. ಏನೂ ಬೇಡ ಎಂದಿದ್ದ ಬಾಯಿ ಅವರದು. ಅದನ್ನು ಅವರು ಮುಚ್ಚಿಕೊಂಡೇ ಇದ್ದರು. ವರ ಕೊಡೆ ಹಿಡಿದು, ಬರಿಗಾಲಲ್ಲಿ, ಕಾದ ಕಲ್ಲಿನ ಮೇಲೆ ಒಂದೊಂದೇ ಕಾಲು ಎತ್ತಿಡುತ್ತ ನಿಂತಿದ್ದ. ಅಪ್ಪನ ಕೈಯಲ್ಲಿದ್ದ ಬೆಲ್ಲ ಬಿಸಿಲಿಗೆ ಮೆತ್ತಗಾಗತೊಡಗಿತು. ಆಚಾರ್ಯರು ಮುಹೂರ್ತ, ಮುಹೂರ್ತ ಎಂದು ಎರಡು ಸಲ ಕೂಗಿದರು. ಆಗಲೂ ಅಪ್ಪ ಆ ಒಂದು ನಿಜ ಹೇಳಲಿಲ್ಲ. ಊರವರೆಲ್ಲ ನೋಡುತ್ತಿದ್ದರು. ಖಾದಿಯ ಹಿರಿಯರೂ ಜಟಕಾ ಇಳಿದು ನೋಡುತ್ತಿದ್ದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಪ್ಪನ ಮೇಲೆ, ಆ ಮಖಮಲ್ಲಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಕೊಡೆ ಹಿಡಿದವನ ಮೇಲೆ. ಅವನಿಗೆ ನಾಲಿಗೆಯೇ ಇಲ್ಲವೇ?

ಅಷ್ಟರಲ್ಲಿ ಅಡುಗೆಗೆಂದು ಕಟ್ಟಿದ್ದ ತಟ್ಟಿಯ ಮರೆಯಿಂದ ಕೆಂಪು ಸೀರೆ ಕಂಡಿತು. ಅಕ್ಕ ಹಿತ್ತಲಿಂದ ಸುತ್ತು ಹಾಕಿ ಬರುತ್ತಿದ್ದಳು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ. ಜನ ದಾರಿ ಬಿಟ್ಟರು, ಬಿಟ್ಟರು ಎನ್ನುವುದಕ್ಕಿಂತ ಹೌಹಾರಿ ಸರಿದರು. ಅವಳು ನೆಟ್ಟಗೆ ಗೇಟಿಗೆ ಬಂದು, ಕಾಶಿಗೆ ಹೊರಟವನ ಎದುರಿಗೆ, ಎರಡು ಮಾರು ದೂರದಲ್ಲಿ ನಿಂತು, ತಲೆಯೆತ್ತಿ ಅವನ ಮುಖ ನೋಡಿದಳು.

ಬೀಗರ ಹೆಂಗಸರು ಒಟ್ಟಿಗೆ ಉಸಿರೆಳೆದುಕೊಂಡದ್ದು ನನಗೆ ತೂಕದ ಕೋಣೆಗೂ ಕೇಳಿಸಿತು.

"ಅಯ್ಯ, ಆತಲ್ಲೋ ಅಪಶಕುನ!" ಎಂದಳು ಅಕ್ಕ ಬಹಳ ಮೆತ್ತಗೆ. "ಮಡಿ ಹೆಂಗಸು ಎದುರಿಗೆ ಬಂದ್ಲು. ಇನ್ನ ಕಾಶಿಗೆ ಹೋಗೂಹಂಗಿಲ್ಲಪ್ಪಾ. ಒಳಗ ಬಾ, ಕೂಡ್ರು, ನೀರು ಕುಡಿ. ಶಾಸ್ತ್ರ ಅದ."

ಶಾಸ್ತ್ರ ನಿಜಕ್ಕೂ ಇತ್ತು. ಹೊರಟಾಗ ಹಾಗೆ ಎದುರಾದರೆ ಒಳಗೆ ಬಂದು, ಕೂತು, ನೀರು ಕುಡಿಯಬೇಕು. ವರನ ತಾಯಿಯೇ ಮೊದಲು ಕೂಗಿದರು: "ಒಳಗ ಹೋಗೋ! ಮದ್ಲ ಒಳಗ ಹೋಗು! ಅಣ್ಣಾ, ಅವನ ಕೈ ಬಿಡು!" ಸೋದರಮಾವ ಕೈ ಬಿಟ್ಟರು. ವರನಿಗೆ ನೀರು ಎಂಬ ಶಬ್ದವೇ ಸಾಕಾಗಿತ್ತೋ ಏನೋ, ಕೊಡೆ ಮಡಚಿ ಯಾರೂ ಕರೆಯದೆ ಹಂದರದ ನೆರಳಿಗೆ ಬಂದು ಕೂತ. ನಾನು ಕಂಡ ಹಾಗೆ ಅವನು ಸ್ವಂತ ಬುದ್ಧಿಯಿಂದ ಮಾಡಿದ ಮೊದಲ ಕೆಲಸ ಅದು.

ಸೋದರಮಾವ ಸುಧಾರಿಸಿಕೊಂಡರು. "ನೀರು ಕುಡದು ಮತ್ತ ಹೊರಡಲಿ. ಮಾತು ಇನ್ನೂ ಮುಗದಿಲ್ಲ."

"ಹೊರಡಲ್ರಿ," ಎಂದಳು ಅಕ್ಕ. "ಎಷ್ಟು ಸಲ ಹೊರಡ್ತಾನೋ ಅಷ್ಟು ಸಲ ನಾನೂ ಎದುರಿಗೆ ಬರ್ತೀನಿ. ಸಾರು ಆಗ್ಯದ, ಪಲ್ಯ ಆಗ್ಯದ. ನನಗೇನು ಅವಸರಿಲ್ಲ."

ಹಾಗೆಂದು ಅವಳು ಗೇಟಿನ ಕಂಬಕ್ಕೆ ಒರಗಿ ನಿಂತಳು. ವರನ ತಾಯಿ ಅಣ್ಣನಿಗೆ ಅಂದದ್ದು ಪೂರ್ತಿ ಕೇಳಿಸಲಿಲ್ಲ. ಸೈಕಲ್ಲಿಗೆ ಬೆಂಕಿ ಹಚ್ಚು ಎಂಬುದಷ್ಟು ಕೇಳಿಸಿತು. ಮುಹೂರ್ತದ ಹೊತ್ತಿಗೆ ಅಕ್ಕ ಕಣ್ಮರೆಯಾಗಬೇಕೆಂಬುದೊಂದೇ ಈಗ ಬೀಗರ ಬೇಡಿಕೆ. ಅದನ್ನು ಈಡೇರಿಸುವುದಕ್ಕೆ ನಮಗೇನೂ ಖರ್ಚಿರಲಿಲ್ಲ. ಅಪ್ಪ ಮೆತ್ತಗಾದ ಬೆಲ್ಲವನ್ನು ವರನ ಕೈಗಿಟ್ಟರು. ಅಕ್ಕ ಬಂದ ದಾರಿಯಲ್ಲೇ ಹಿಂದಿರುಗಿದಳು.

ಹತ್ತೂ ಕಾಲಿಗೆ ಅಕ್ಷತೆ ಬಿತ್ತು. ಸಾಹುಕಾರರ ಬ್ಯಾಂಡಿನವರಲ್ಲಿ ಹೊಟ್ಟೆ ಕೆಟ್ಟು ಊರಲ್ಲೇ ಉಳಿದಿದ್ದ ಕ್ಲಾರಿಯೋನೆಟ್ಟಿನವನೊಬ್ಬ, ಒಂದು ಊಟದ ಕರಾರಿನ ಮೇಲೆ, ಒಬ್ಬನೇ ಇಡೀ ಬ್ಯಾಂಡಿನಷ್ಟು ಊದಿದ. ಕಕ್ಕ ಬಹಳ ತೃಪ್ತರಾದರು. ಜರಿಯ ರುಮಾಲಿನ ಮುದುಕರು ಮುಂದಿನ ಸಾಲಿನಿಂದ ನನಗೆ ಎರಡನೆಯ ಸಲ, ಅವರ ಲೆಕ್ಕದಲ್ಲಿ, ಅಕ್ಷತೆ ಹಾಕಿದರು. ಫೋಟೋದವನು ಒಂದೇ ಒಂದು ಫೋಟೋ ತೆಗೆದ. ಆ ಕ್ಷಣಕ್ಕೆ ಗಾಳಿ ಬೀಸಿ ಮಾವಿನ ತೋರಣ ಒಂದು ಕಡೆ ಜಾರಿತು. ಫೋಟೋದಲ್ಲಿ ನಾವಿಬ್ಬರೂ ಗಾಬರಿಯಿಂದ ನಿಂತಿದ್ದೇವೆ, ನಮ್ಮ ತಲೆಯ ಮೇಲೆ ಬೇರೆ ಯಾರದೋ ಹೆಸರು ಬೆಳ್ಳಗೆ ಹೊಳೆಯುತ್ತಿದೆ.

ತಾಳಿ ಕಟ್ಟಿದ ಮೇಲೆ ನಮ್ಮಿಂದ ಎಲ್ಲರಿಗೂ ನಮಸ್ಕಾರ ಮಾಡಿಸಿದರು, ಒಬ್ಬಳನ್ನು ಬಿಟ್ಟು. ಯಾರೋ ಬೇಡ ಅಂದರು, ನಾನು ಕೇಳಲಿಲ್ಲ. ಸೀರೆಯ ನೆರಿಗೆ ಹಿಡಿದು ಅಡುಗೆಯ ತಟ್ಟಿಗೆ ಹೋದೆ. ಅಕ್ಕ ದೊಡ್ಡ ಕೊಳಗದ ಮುಂದೆ ಸೌಟು ಹಿಡಿದು ನಿಂತಿದ್ದಳು.

"ಮುಟ್ಟಬ್ಯಾಡ, ಮಡಿ," ಎಂದಳು. ಹೊಸ ತಾಳಿಯನ್ನು ದೂರದಿಂದಲೇ ನೋಡಿದಳು. "ಅಷ್ಟು ಮಂದಿ ಎದುರಿಗೆ ಹೋಗಿ ನಿಂತು ಎಷ್ಟು ವರ್ಷಾಗಿತ್ತೋ ಏನೋ." ಆಮೇಲೆ ದನಿ ತಗ್ಗಿಸಿದಳು. "ಹೋಗೂಕ್ಕಿಂತ ಮದ್ಲ ಸಾರಿಗೆ ಉಪ್ಪು ಹಾಕಿದ್ನೋ ಇಲ್ಲೋ ಮರತುಬಿಟ್ಟೀನಿ. ಈಗ ಹಾಕ್ಲೋ ಬ್ಯಾಡೋ?"

ಮಡಿಯಲ್ಲಿ ರುಚಿ ನೋಡುವಂತಿರಲಿಲ್ಲ. ನಾನು ಹಾಕು ಎಂದೆ. ಸಂಸಾರ ಹೂಡಿದ ಮೇಲೆ ನಾನು ತೆಗೆದುಕೊಂಡ ಮೊದಲ ತೀರ್ಮಾನ ಅದು, ಮತ್ತು ತಪ್ಪು ತೀರ್ಮಾನ. ಅವಳು ಮೊದಲೇ ಹಾಕಿದ್ದಳು.

ಮಧ್ಯಾಹ್ನದ ಪಂಕ್ತಿಯಿಂದ ಎದ್ದವರೆಲ್ಲ ಅಪ್ಪನ ಹತ್ತಿರ ಬಂದು, ವರ್ಷಗಳಿಂದ ಕಾಯ್ದಿಟ್ಟ ಸಂತೋಷದಿಂದ ಅದೇ ಮಾತು ಹೇಳಿದರು. "ಹಂದರ ಏನು, ಹೂವೇನು, ಕಣ್ಣು ತುಂಬಿತ್ರಿ. ಸಾರು ಮಾತ್ರ…" ಅಪ್ಪ ಕೈ ಮುಗಿದು ನಿಂತಿದ್ದರು. ಆಮೇಲೆ ಅವರು 'ಮಾತ್ರ' ಎಂಬ ಶಬ್ದವನ್ನೇ ಬಿಟ್ಟರು. ಯಾರ ಮದುವೆಗೆ ಹೋಗಿ ಬಂದರೂ "ಪಾಪ, ಮಾಡ್ಯಾರ" ಎನ್ನುತ್ತಿದ್ದರು, ಅಷ್ಟೆ.

ಮರುದಿನ ಹಂದರ ಬಿಚ್ಚುವವರು ಬರುವ ಮೊದಲೇ ಬೀಗರನ್ನು ಬೆಳಗಿನ ಗಾಡಿಗೆ ಹತ್ತಿಸಬೇಕಾಗಿತ್ತು. ನನ್ನ ಗಂಡ ಮತ್ತೆ ಆ ಕಪ್ಪು ಕೋಟು ತೊಟ್ಟು ಕಿಟಕಿಯ ಪಕ್ಕ ಕೂತ. ದಾರಿಯುದ್ದಕ್ಕೂ ಮಾತಾಡಲಿಲ್ಲ. ನಾನೂ ಆಡಲಿಲ್ಲ, ನನ್ನ ಸಿಟ್ಟು ಇಳಿದಿರಲಿಲ್ಲ. ಕೋಸಗಿಯಲ್ಲಿ ಗಾಡಿ ನಿಂತ ಕೂಡಲೇ ಹಸಿರು ನಿಶಾನೆ ಬಗಲಲ್ಲಿಟ್ಟುಕೊಂಡು ಒಬ್ಬರು ಅವಸರವಾಗಿ ಬಂದರು. ಸ್ಟೇಷನ್ ಮಾಸ್ತರರು. ಹೊಸ ಮದುಮಕ್ಕಳಿಗೆ ಶುಭ ಹೇಳಲು ಬಂದರೆಂದು ನಾನು ತಲೆ ಬಾಗಿಸಿದೆ.

"ಕೋಟು ಕೊಡಪ್ಪಾ," ಎಂದರು ಅವರು. "ಇನ್ಸ್‌ಪೆಕ್ಷನ್ ಅದ ಇವತ್ತು. ದೊಡ್ಡ ಸಾಹೇಬ್ರು ಬರಾಕತ್ಯಾರ."

ನನ್ನ ಗಂಡ ಪ್ಲಾಟ್‌ಫಾರ್ಮಿನ ಮೇಲೇ ಗುಂಡಿ ಬಿಚ್ಚಿ ಕೋಟು ಕಳಚಿ ಕೊಟ್ಟ. ಒಳಗೆ ಮೊಣಕೈ ಹರಿದ ಅಂಗಿ. ಮಾಸ್ತರರು ಕೋಟು ತೊಟ್ಟು ಓಡಿದರು. ಅವನು ನನ್ನ ಕಡೆ ನೋಡಿ, ಮೊದಲ ಬಾರಿಗೆ ಬಾಯಿ ಬಿಟ್ಟ: "ಸೆಕಿ ಆಗಿತ್ತು." ನನಗೆ ತಡೆಯಲಾಗದಷ್ಟು ನಗು ಬಂತು. ಅವನೂ ನಕ್ಕ. "ನಿನ್ನಿ ಗೇಟಿನ ಹತ್ರ ನಾನೇ ಒಂದು ಮಾತು ಆಡಬೇಕಾಗಿತ್ತು," ಎಂದ ಆಮೇಲೆ. ನಾನು ಹೌದು ಎಂದೆ.

ಮನೆಯಲ್ಲಿ ಬಂದವರೆಲ್ಲ ಚದುರಿದ ಮೇಲೆ ಅತ್ತೆಯವರು ನನ್ನನ್ನು ಹಿತ್ತಲಿಗೆ ಕರೆದರು.

"ಉಳಿದ ಸಾಮಾನು ಯಾವ ಗಾಡಿಗೆ ಬರ್ತದವ್ವಾ?"

ನಾನು ಯೋಚಿಸಲಿಲ್ಲ. "ಯಾವ ಗಾಡಿಗೂ ಬರೂದಿಲ್ರಿ. ಹಂದರ, ಸೋಫಾ, ಕನ್ನಡಿ, ಹೂವು ಎಲ್ಲಾ ಸಾಹುಕಾರ್ರದ್ದು. ಆ ರುಮಾಲಿನ ಅಜ್ಜಾ ಕೂಡ ಅವರ ಪೈಕಿನ. ಈ ಸೀರಿ ಒಂದು ನಂದು."

ಅವರು ನನ್ನ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು. ಪಡಸಾಲೆಯಲ್ಲಿ ಮಾವನವರು ನೆರೆಯವರಿಗೆ ಹಂದರದ ಉದ್ದಗಲ ಹೇಳುತ್ತಿದ್ದರು. ಕನ್ನಡಿಗಳ ಸಂಖ್ಯೆ ಆಗಲೇ ದುಪ್ಪಟ್ಟಾಗಿತ್ತು.

"ಅವರಿಗೆ ಹೇಳಬ್ಯಾಡ," ಎಂದರು ಅತ್ತೆಯವರು. "ಅರ್ಧ ಕೋಸಗಿಗೆ ಹೇಳಿ ಮುಗಿಸ್ಯಾರ. ಇನ್ನರ್ಧಕ್ಕೆ ಹೇಳ್ಳಿಕತ್ಯಾರ. ಹೇಳ್ಲಿ ಬಿಡು." ಮೊರದಲ್ಲಿದ್ದ ಅಕ್ಕಿಯನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ನನ್ನ ಕಡೆ ಸರಿಸಿದರು. ನಾವಿಬ್ಬರೂ ಕಲ್ಲು ಆರಿಸುತ್ತ ಕೂತೆವು.